ಮೊನ್ಸೆಫ್‌ನ ಉಪವಾಸ

ಸ್ಫಾಕ್ಸ್, ಆಸ್ಪತ್ರೆಯ ಮೊಗಸಾಲೆ
ರಂಜಾನ್ 21, 2016

ನನ್ನ ಕಣ್ಣಮಣಿ ಸಿಹೆಮ್‌ಗೆ ದೊಡ್ಡಮ್ಮ ಮನ್ನೂಬಿಯಾ ಮಾಡುವ ಆಶೀರ್ವಾದ.

ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಿಜ ಹೇಳಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ "ಉಪವಾಸ ಹಿಡಿದು ಸ್ವಲ್ಪ ಸುಸ್ತಾಗಿ ಬಿದ್ದ, ಎಚ್ಚರವಾದ ಕೂಡಲೇ ನೀರು ಕೇಳಿದ" ಎಂದಿದ್ದೆನಲ್ಲ, ಅದು ಸುಸ್ತಲ್ಲ ಮಗಳೇ. ನಿನ್ನ ಅಣ್ಣ ಮೊನ್ಸೆಫ್ ಸಾವಿನ ಬಾಗಿಲಿಗೆ ಹೋಗಿ ಬಂದ.

ಅವನ ಲಿಥಿಯಂ ಮಾತ್ರೆಯ ವಿಷಯ ನಿನಗೆ ಗೊತ್ತಿರುವುದೇ. ಆ ಮಾತ್ರೆ ಶುರುವಾದ ಮೇಲೆ ಒಂದು ಸಲವೂ ಅವನ ಮನಸ್ಸು ಕೆರಳಲಿಲ್ಲ, ಕುಸಿಯಲಿಲ್ಲ. ದೋಣಿ ನಡೆಸಿದ, ಬಲೆ ನೇಯ್ದ, ನಿನ್ನನ್ನು ಓದಿಸಿದ. ಆಗಾಗ ನಮ್ಮ ದ್ವೀಪದಿಂದ ಹಡಗು ಹತ್ತಿ ಸ್ಫಾಕ್ಸಿಗೆ ಬಂದು ಪರೀಕ್ಷೆಗೆ ರಕ್ತ ಕೊಡುತ್ತಿದ್ದ. ಔಷಧಿ ಹೆಚ್ಚಾದರೆ ವಿಷ, ಕಡಿಮೆಯಾದರೆ ದಂಡ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ನೀರು ಬಿಡಬಾರದು, ಉಪವಾಸ ಕೂಡದು. ನಮ್ಮ ಮಸೀದಿಯ ಇಮಾಮರೂ ಅದನ್ನೇ ಹೇಳಿದ್ದರು. ಹಾಗಾಗಿ ಪ್ರತಿ ರಂಜಾನಿನಲ್ಲೂ ಅವನು ಅಡುಗೆಮನೆಯ ಪರದೆಯ ಹಿಂದೆ ಕೂತು ಉಣ್ಣುತ್ತಿದ್ದ, ನಾನು ಬಾಗಿಲಿಗೆ ಅಡ್ಡ ಕೂತು ಸೊಪ್ಪು ಬಿಡಿಸುತ್ತಿದ್ದೆ. ಗಟ್ಟಿಮುಟ್ಟಾದ ಗಂಡಸು ಹಗಲಲ್ಲಿ ಉಂಡರೆ ದ್ವೀಪದ ಜನ ಸುಮ್ಮನಿರುತ್ತಾರೆಯೇ?

ಈ ಸಲ ನಿನ್ನನ್ನು ಮದುವೆಯಾಗುವ ಹುಡುಗನ ಮನೆಯವರು ಬಂದು ನಮ್ಮಲ್ಲೇ ಉಳಿದರು. ಒಳ್ಳೆಯ ಜನ. ಆದರೆ ಹೆಂಗಸರು ಬೆಳಗಿನಿಂದ ನನ್ನ ಅಡುಗೆಮನೆಯಲ್ಲೇ ಇರುತ್ತಿದ್ದರು. ನಾನು ಅವನಿಗೆ ರೊಟ್ಟಿ, ನೀರಿನ ಬಾಟಲಿ ಕಟ್ಟಿಕೊಟ್ಟರೆ, "ದಂಡೆ ಮೇಲೆ ತಿಂತೀನಿ ದೊಡ್ಡಮ್ಮ, ನೀನು ಚಿಂತೆ ಮಾಡ್ಬೇಡ" ಎಂದು ತೆಗೆದುಕೊಂಡು ಹೋಗುತ್ತಿದ್ದ. ತಿನ್ನಲಿಲ್ಲ. ಆ ಸುಡುಬಿಸಿಲಿನಲ್ಲಿ ಹನಿ ನೀರು ಮುಟ್ಟದೆ ಬಲೆ ಎಳೆದ. ಬೆಳಗಿನ ಮಾತ್ರೆಯನ್ನೂ ರಾತ್ರಿಯ ಮಾತ್ರೆಯನ್ನೂ ಸಂಜೆ ಒಟ್ಟಿಗೇ ನುಂಗಿದ. ತಲೆನೋವೆಂದಾಗ ಪಕ್ಕದ ಮನೆಯ ಫರ್ಜಾನಿ ತನ್ನ ಮೊಣಕಾಲಿನ ನೋವಿನ ಮಾತ್ರೆ ಕೊಟ್ಟನಂತೆ. ಅದೂ ಇದೂ ಸೇರಬಾರದು ಎಂದು ಅವನಿಗೇನು ಗೊತ್ತು ಪಾಪ.

ಒಂದು ಸಂಜೆ ಎಲ್ಲರಿಗೂ ಖರ್ಜೂರ ಹಂಚುವಾಗ ಅವನ ಕೈಯಲ್ಲಿ ತಟ್ಟೆ ಕಟಕಟ ಅಂದಿತು. ನಿನ್ನ ಅತ್ತೆಯಾಗುವವರು ನಕ್ಕು, "ಮದುವೆ ಹುಡುಗಿಗಿಂತ ಇವನಿಗೇ ನಡುಕ ಜಾಸ್ತಿ ನೋಡಿ" ಅಂದರು. ಎಲ್ಲರೂ ನಕ್ಕೆವು. ಅವನೂ ನಕ್ಕ.

ಅವರು ಹೊರಟ ದಿನ ಅವರ ಪೆಟ್ಟಿಗೆ ಹೊತ್ತು ಹಡಗುಕಟ್ಟೆಯವರೆಗೂ ಹೋದ. ಬರುವಾಗ ಕಾಲು ಎಲ್ಲೆಲ್ಲೋ ಬೀಳುತ್ತಿತ್ತು, ಮಾತು ತೊದಲುತ್ತಿತ್ತು. "ಏನಯ್ಯಾ, ರಂಜಾನಲ್ಲೂ ಏರಿಸ್ಕೊಂಡ್ಯಾ?" ಎಂದು ಫರ್ಜಾನಿ ರೇಗಿಸಿದ. ಇವನು ಉತ್ತರ ಕೊಡಲು ಹೋಗಿ ವಾಂತಿ ಮಾಡಿಕೊಂಡು ಬಿದ್ದ. ಅದೇ ಫರ್ಜಾನಿಯೇ ಅಳುತ್ತಾ ಅವನನ್ನು ಹೆಗಲ ಮೇಲೆ ಹೊತ್ತು ಮುಂದಿನ ಹಡಗಿಗೆ ಹತ್ತಿಸಿದ.

ಯಂತ್ರಕ್ಕೆ ಹಾಕಿ ರಕ್ತ ತೊಳೆದರು. ಬದುಕಿದ. ಮಾತ್ರೆಗೆ ನಾನು ಶಾಪ ಹಾಕಿದಾಗ ಡಾಕ್ಟರಮ್ಮ ನನ್ನ ಪಕ್ಕ ಕೂತು, "ಅಷ್ಟು ವರ್ಷ ಅವನನ್ನ ಕಾಪಾಡಿದ್ದೇ ಅದು ಕಣಮ್ಮ, ಅದನ್ನ ಬಯ್ಬೇಡಿ. ಮೈಯಲ್ಲಿ ನೀರಿಲ್ಲದೆ ಅದು ಒಳಗೇ ನಿಂತುಬಿಡ್ತು" ಎಂದರು. ಈಗ ಬೇರೆ ಮಾತ್ರೆ ಶುರು ಮಾಡಿದ್ದಾರೆ. ಅದು ಹಿಡಿಯುತ್ತದೋ ಇಲ್ಲವೋ ಕಾದು ನೋಡಬೇಕು. ಕೈನಡುಕ, ತೊದಲು ಹೋಗುತ್ತದಾ ಎಂದು ಕೇಳಿದೆ. ಕೆಲವರಿಗೆ ಹಾಗೇ ಉಳಿದುಬಿಡುತ್ತದಂತೆ. ನಿನ್ನೆ ಅವನು ಅಂಗಿಯ ಗುಂಡಿ ಹಾಕಿಕೊಳ್ಳಲು ನೋಡಿದ, ಆಗಲಿಲ್ಲ. ನಾನು ಹಾಕಿದೆ. ಮುಖ ಆ ಕಡೆ ತಿರುಗಿಸಿಕೊಂಡ.

ಹಬ್ಬ ಕಳೆದ ಮೇಲೆ ಮದುವೆಯ ಕರಾರಿಗೆ ಸಾಕ್ಷಿಯಾಗಿ ಅಣ್ಣನ ಬದಲು ಬೇರೆ ಯಾರನ್ನಾದರೂ ಕರೆಸಲೇ ಎಂದು ಕೇಳಿದ್ದೀಯ. ಅವನು ಪೆನ್ನು ಹಿಡಿಯಲಾರ, ನಿಜ. ಹೆಬ್ಬೆಟ್ಟಾದರೂ ಒತ್ತಲಿ. ಗುರುತು ವಾಲಲಿ, ಶಾಯಿ ಚೆಲ್ಲಲಿ, ನಿನ್ನ ಪಕ್ಕ ಅವನನ್ನೇ ಕೂರಿಸು.

ಯಾಕೆ ಉಪವಾಸ ಹಿಡಿದ ಎಂದೂ ಕೇಳಿದ್ದೀಯ. ಉಪವಾಸದ ಬಗ್ಗೆ ದೋಣಿಯವರ ಕುಚೋದ್ಯ ಇದ್ದೇ ಇತ್ತಲ್ಲ, ಅದೇ ಇರಬೇಕು.

ನಿನ್ನ ಹಣೆಗೆ ಮುತ್ತಿಡುವ,
ದೊಡ್ಡಮ್ಮ ಮನ್ನೂಬಿಯಾ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಟ್ಟುಕೊಂಡದ್ದು. ಎಚ್ಚರವಾದಾಗ ಅವನು ಮೊದಲು ನೀರು ಕೇಳಿದ ಎಂದು ನಿನಗೆ ಸುಳ್ಳು ಹೇಳಿದೆ. ಅವನು ನನ್ನ ಸೆರಗು ಹಿಡಿದು, ತೊದಲುತ್ತಾ ಹೇಳಿದ್ದು ಇಷ್ಟೇ: "ಸಿಹೆಮ್ ಹೇಳಿದ ಹಾಗೇ ಮಾಡ್ದೆ ದೊಡ್ಡಮ್ಮ. ನನ್ನ ಕಾಯಿಲೆ ಅವರಿಗೆ ಗೊತ್ತಾಗ್ಲಿಲ್ಲ ತಾನೆ?" ಇಲ್ಲ ಮಗನೇ ಎಂದೆ. ಸಿಹೆಮ್, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಬೇಗ ಬಾ.