ಗಂಧದ ಸೋಪಿಗೆ ನಿಂಬೆ ಲೋಷನ್

ಕೊಟ್ಟೂರು
ಮಂಗಳವಾರ, ೧೦-೧೧-೧೯೮೧

ಪ್ರೀತಿಯ ಅಣ್ಣ ಜಂಬಯ್ಯನಿಗೆ,

ಗುಂತಕಲ್ಲಿನಲ್ಲಿ ನೀನೂ ಅತ್ತಿಗೆಯೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಅತ್ತಿಗೆಯ ಮೊಣಕಾಲು ನೋವು ಹೇಗಿದೆ? ನಿನ್ನ ಕೆಮ್ಮು ನಿಂತಿತೇ? ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ, ಈ ಸಲ ಕೈ ಬರುತ್ತಿಲ್ಲ. ತಂತಿ ಕೊಟ್ಟರೆ ಅಪ್ಪ ಹೋದನೆಂದೇ ತಿಳಿದು ಗಾಬರಿಯಾಗುತ್ತೀ ಎಂದು ಕಾಗದ ಹಾಕುತ್ತಿದ್ದೇನೆ.

ಅಪ್ಪನ ಗದ್ದದ ಕೆಳಗೆ ಗಂಟು ಎದ್ದಿದೆ. ಗಂಜಿ ಬಿಟ್ಟರೆ ಬೇರೇನೂ ಇಳಿಯುತ್ತಿಲ್ಲ. ಹೋದ ವಾರ ಬಳ್ಳಾರಿಯಲ್ಲಿ ಆಪರೇಷನ್ನಿಗೆ ಸೇರಿಸಿದೆವು. ಕೊಯ್ಯುವ ಮೊದಲು ಗಡ್ಡ ತೆಗೆಯಬೇಕಲ್ಲ, ಆಸ್ಪತ್ರೆಯವರು ಬ್ಲೇಡು ಹಿಡಿದು ಬಂದರೆ ಈ ಮಹಾರಾಯ ಅವರ ಕೈ ತಳ್ಳಿ, ಗೋಡೆ ತಡವಿಕೊಂಡು ಹೊರಗೆ ಬಂದು ಕೂತುಬಿಟ್ಟ. ಕಣ್ಣು ಪೂರ್ತಿ ಹೋದ ಮೇಲೆ ಯಾರಿಗೂ ಮುಖ ಒಡ್ಡಿಲ್ಲ. ನಲವತ್ತು ವರ್ಷ ಊರಿನ ಗಡ್ಡವೆಲ್ಲ ಕೆರೆದ ಪಾಲಾಕ್ಷಪ್ಪನಿಗೆ ಈಗ ಎದೆಯ ತನಕ ಗಡ್ಡ. "ನನ್ನ ಗಡ್ಡಕ್ಕ ಕತ್ತಿ ಹಚ್ಚೋನು ನನ್ನ ಮಗ. ಇಲ್ಲಾಂದ್ರ ಹಿಂಗಽ ಹೋಗ್ತೀನಿ" ಎನ್ನುತ್ತಾನೆ. ಡಾಕ್ಟರು ಬರುವ ಸೋಮವಾರ ಕೊಟ್ಟಿದ್ದಾರೆ. ಅದೂ ತಪ್ಪಿದರೆ ನೀರು ಕೂಡ ಇಳಿಯಲಿಕ್ಕಿಲ್ಲವಂತೆ.

ನಿನ್ನನ್ನು ಕರೆಯಲು ನನಗೆ ಧೈರ್ಯವಿರಲಿಲ್ಲ. ರೈಲ್ವೆ ನೌಕರಿಯ ಕಾಗದ ಬಂದ ದಿನ, ಅಂಗಡಿ ತುಂಬ ಗಿರಾಕಿಗಳಿರುವಾಗ, "ಇನ್ನ ಯಾರ ಗದ್ದಾನೂ ಮುಟ್ಟಂಗಿಲ್ಲ" ಎಂದು ಕತ್ತಿ ಇಟ್ಟು ಹೋದವನು ನೀನು. ಅಪ್ಪನ ಹತ್ತಿರ ನೀನು ಮಾತು ಬಿಟ್ಟು ನಾಲ್ಕು ವರ್ಷವಾಯಿತು. ಅದಕ್ಕೇ ಒಂದು ಹುಚ್ಚು ಕೆಲಸ ಮಾಡಿದೆ. ನಿನ್ನೆ ಬೆಳಿಗ್ಗೆ ನಮ್ಮ ಮನೆಯವರಿಗೆ ನೀನು ಬಿಟ್ಟುಹೋದ ಗಂಧದ ಸೋಪಿನಲ್ಲಿ ಗಡ್ಡ ಮಾಡಿಕೊಳ್ಳಲು ಹೇಳಿ, ಸಂತೆಯಲ್ಲಿ ಸಿಕ್ಕ ಲೋಷನ್ ಕೆನ್ನೆಗೆ ಬಳಿದು, ಅಪ್ಪನ ಎದುರು ಬ್ರಷ್ಷು ಕೊಟ್ಟು ಕೂರಿಸಿದೆ. ಮಾತು ಬಿಟ್ಟ ಮಗ ಮಾತಾಡದಿದ್ದರೆ ಅನುಮಾನ ಬರುವುದಿಲ್ಲ ಎಂದು ನನ್ನ ಲೆಕ್ಕ. ನಮ್ಮಪ್ಪನ ಮೂಗು ನಿನಗೆ ಗೊತ್ತಲ್ಲ. ನಿಂಬೆ ಸೋಪಿಗೆ ಪುದೀನ ಲೋಷನ್, ಗುಲಾಬಿ ಸೋಪಿಗೆ ಬರೀ ಪಟಿಕದ ಕಲ್ಲು ಎಂದು ಗಿರಾಕಿಗಳಿಗೆ ಜೋಡಿ ಕಟ್ಟಿ ಕಳಿಸುತ್ತಿದ್ದವನು. ಒಮ್ಮೆ ಮೂಸಿದ, ಇವರ ಕೈ ಹಿಡಿದ, ಮೆಲ್ಲಗೆ ಹೇಳಿದ: "ಏಳ್ರಿ ಅಳಿಯಂದ್ರ. ಗಂಧದ ಸೋಪಿಗೆ ನಿಂಬಿ ನೀರು ಹಚ್ಚಿಕೊಳ್ಳೋ ಮಗನ್ನ ನಾನು ಬೆಳಸಿಲ್ಲ."

ಇವರು ಹಿತ್ತಿಲಿಗೆ ಹೋಗಿ ಮುಖ ತೊಳೆದುಕೊಂಡು ಬಹಳ ಹೊತ್ತು ಒಳಗೆ ಬರಲಿಲ್ಲ. ನಾನು ಅತ್ತುಬಿಟ್ಟೆ. ಆದರೂ ಕೈ ಚೆಲ್ಲಿಲ್ಲ. ಗಂಧದ ಸೋಪಿಗೆ ಜೋಡಿಯೆಂದು ನಿನಗೆ ಅಪ್ಪ ಬಳ್ಳಾರಿಯಿಂದ ತರಿಸಿಕೊಟ್ಟ ಆ ನೀಲಿ ಬಾಟಲಿಯ ಲೋಷನ್ನಿನ ಹೆಸರೇನು? ಇಂಗ್ಲಿಷಿನಲ್ಲಿತ್ತು, ನನಗೆ ನೆನಪಿಲ್ಲ. ನೀನು ಬರದಿದ್ದರೂ ಚಿಂತೆಯಿಲ್ಲ, ಹೆಸರೊಂದನ್ನು ಮರುಟಪಾಲಿಗೆ ಬರೆದು ಹಾಕು. ನಿನ್ನ ಕಾಲಿಗೆ ಬೀಳುತ್ತೇನೆ ಅಣ್ಣ, ತಡ ಮಾಡಬೇಡ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಕೊಟ್ಟೂರೇಶ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ತಂಗಿ,
ಕೊಟ್ರಬಸಮ್ಮ

ತಾ.ಕ.: ಕಾಗದ ಅಂಟಿಸುವ ಮೊದಲು ಬಾಟಲಿ ಸಿಕ್ಕಿತು. ಕತ್ತಿ ಒರೆಸಿಡೋಣವೆಂದು ಅಪ್ಪನ ಕಸುಬಿನ ಪೆಟ್ಟಿಗೆ ತೆಗೆದರೆ, ತಳದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾನೆ. ಇನ್ನೂ ಎರಡು ಬೆರಳಿನಷ್ಟು ಉಳಿದಿದೆ. ಮುಚ್ಚಳ ತೆಗೆದೆನೋ ಇಲ್ಲವೋ, ಪಡಸಾಲೆಯಿಂದ "ಜಂಬಯ್ಯ, ಬಂದ್ಯೇನಪಾ?" ಎಂದ. ಇದನ್ನೇ ಹಚ್ಚಿ ಇವರನ್ನು ಮತ್ತೆ ಕೂರಿಸಬಹುದಿತ್ತು. ನನ್ನಿಂದ ಆಗಲಿಲ್ಲ. ಶನಿವಾರ ಬರುತ್ತಾನೆ ಎಂದುಬಿಟ್ಟೆ. ಹೆಸರು ಬರೆಯಬೇಡ, ನೀನೇ ಬಾ. ಅಪ್ಪ ಆಗಿನಿಂದ ಗಡ್ಡಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದಾನೆ. ಬಿರುಸಾಗಿದ್ದರೆ ನಿನ್ನ ಕೈ ನೋಯುತ್ತದಂತೆ.