ದೊರೆಸಾನಿಯ ಬೂಟು

10-9-89, ಭಾನುವಾರ

ಸೂರ್ಯ ಮುಳುಗದ ಸಾಮ್ರಾಜ್ಯದ ಏಕಚ್ಛತ್ರಾಧಿಪತಿಗಳಾದ ಬಿಳಿ ಚಕ್ರವರ್ತಿಗಳ ದಿವ್ಯ ಪಾದಾರವಿಂದಗಳಿಗೆ, ಮಂಡಿಕಲ್ ಹೋಬಳಿಯ, ಸೆಕೆಂಡ್ ಬಿ.ಕಾಂ. ಫೇಲಾದ ರಾಮಾಂಜಿನಪ್ಪ ಮಾಡುವ ಬಿನ್ನಹ: ನಿಮ್ಮ ಕಾರ್ಡುಗಳನ್ನು ನೋಡಿ ವಾಕರಿಕೆ ಬಂತು.

ಚಿಕ್ಕಬಳ್ಳಾಪುರದ ಗುಜರಿಯಲ್ಲಿ ಸಿಕ್ಕ ಕಟ್ಟು. ಬ್ರಿಟಿಷರ ಕಾಲದ ಹನ್ನೊಂದು ಪೋಸ್ಟ್ ಕಾರ್ಡು, ಬಣ್ಣದ ಚಿತ್ರ, ಪ್ರಾಂತ್ಯಕ್ಕೊಂದು. ವಿಲಾಯ್ತಿಯವರು ನೆನಪಿಗೆ ಅಂತ ಕೊಂಡು ಆಲ್ಬಮ್ಮಿಗೆ ಅಂಟಿಸ್ತಿದ್ದರಂತೆ. ಬಂಗಾಳಕ್ಕೆ ಸತ್ತ ಹುಲಿ, ಅದರ ಮೇಲೆ ದೊರೆ ಕಾಲು. ಮದರಾಸಿಗೆ ಹಾವಾಡಿಗ. ಬರ್ಮಾಕ್ಕೆ ಚುಟ್ಟಾ ಸೇದೋ ಹುಡುಗಿ. ಎಲ್ಲರೂ ಹಲ್ಲು ಕಿರಿದಿದಾರೆ. ಥೂ! ಒಂದರಲ್ಲಿ ಬೆಟ್ಟ, ಡೋಲಿಯಲ್ಲಿ ದೊರೆಸಾನಿ, ಹೊರೋರು ನಾಲ್ಕು ಜನ. ಕೆಳಗೆ ಇಂಗ್ಲಿಷಲ್ಲಿ ‘ಸಿಲೋನ್’.

ತಾತ ಜಗಲಿ ಮೇಲಿದ್ದರು. ಅವರಪ್ಪ ನಂದಿ ಬೆಟ್ಟಕ್ಕೆ ದೊರೆಗಳನ್ನ ಡೋಲಿಯಲ್ಲಿ ಹೊತ್ತೋರು. ‘ಸಿಲೋನ್’ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, ಕೆಣಕೋಕೆ ಅಂತ, “ತಾತ, ಈ ಮುಂದಿನೋರು ನಿಮ್ಮಪ್ಪ ಅಲ್ವಾ?” ಅಂದೆ. ಬೈತಾರೆ ಅನ್ಕೊಂಡಿದ್ದೆ.

ಬೈಲಿಲ್ಲ. ಕನ್ನಡಕ ಹಾಕ್ಕೊಂಡರು.

17-9-89

ತಾತ ಕಾರ್ಡು ವಾಪಸ್ ಕೊಡ್ತಿಲ್ಲ. ಜೇಬಲ್ಲೇ ಇಟ್ಕೊಂಡಿದಾರೆ.

ಪಿತೃಪಕ್ಷ ಬೇರೆ ಶುರು. ಅಮಾವಾಸ್ಯೆ ದಿನ ಹಿರಿಯರ ಫೋಟೋ ಮುಂದೆ ಎಡೆ ಇಡಬೇಕು. ತಾತನ ಅಪ್ಪಂಗೆ ಫೋಟೋನೇ ಇಲ್ಲ. ತಾತ ನಾಲ್ಕು ವರ್ಷದ ಮಗು ಆಗಿದ್ದಾಗಲೇ ಅವರು ತೀರಿಹೋದರು. ಎಪ್ಪತ್ತು ವರ್ಷದಿಂದ ಒಂದು ಚೊಂಬಿಗೆ ಪಂಚೆ ಸುತ್ತಿ ಅದಕ್ಕೇ ಕೈ ಮುಗೀತಿದಾರೆ.

ಅಜ್ಜಿ ಅಂದಳು, “ನಿಮ್ಮಪ್ಪನ ಮುಖ ನಿಮಗೇ ಗೊತ್ತಿಲ್ಲ, ಅದೆಂಗೆ ಗುರುತು ಹಿಡಿದ್ರಿ?”

“ನಂಗೆ ಗೊತ್ತಿಲ್ಲ ಕಣೇ. ಅವರಿಗೆ ನಾನು ಗೊತ್ತಿಲ್ವಾ? ನೋಡು, ಹೆಂಗೆ ನೋಡ್ತಾರೆ!”

23-9-89, ಶನಿವಾರ

ತಾತನ ಜೊತೆ ಕೊಂಡಪ್ಪನ ಫೋಟೋ ಸ್ಟುಡಿಯೋ. ಅಪ್ಪನ ಮುಖ ಮಾತ್ರ ದೊಡ್ಡದು ಮಾಡಿಸ್ಬೇಕಂತೆ, ಎನ್‌ಲಾರ್ಜ್‌ಮೆಂಟ್. ಕೊಂಡಪ್ಪ ಕೆಳಗಿನ ಇಂಗ್ಲಿಷ್ ಓದಿದ. ನನ್ನ ಮುಖ ನೋಡಿದ. ನಾನು ಕ್ಯಾಲೆಂಡರ್ ನೋಡಿದೆ.

“ಚೆನ್ನರಾಯಪ್ನೋರೇ, ದೊರೆಸಾನಿ ಬೂಟು ನಿಮ್ಮಪ್ಪನ ಕಿವಿಗೇ ತಾಗಿದೆ. ಬೂಟು ಅಳಿಸಿದ್ರೆ ಕಿವಿನೂ ಹೋಗುತ್ತೆ,” ಅಂತ ತಾತಂಗೆ ಅಂದ.

ತಾತ ಕಾರ್ಡು ಕಣ್ಣ ಹತ್ತಿರ ಹಿಡಿದರು. “ಬೂಟು ಇರ್ಲಿ ಬುಡಪ್ಪ. ಕಿವಿ ಬೇಕು. ಎಡೆ ಇಟ್ಟು ಕೂಗಿದ್ರೆ ಕೇಳಿಸ್ಬೇಕಲ್ಲ.”

ಬಸ್ಸಲ್ಲಿ ನಿಜ ಹೇಳಿಬಿಡೋಣ ಅಂತ ಎರಡು ಸಲ ಬಾಯಿ ತೆರೆದೆ. ತಾತ ಕಡಲೆಕಾಯಿ ಸುಲಿದು ಕೊಟ್ಟರು. ತಿಂದೆ. ಅಸಹ್ಯ... ಆ ಚಿತ್ರ ಬರೆದವನ ಮೇಲೆ, ಆ ಬೂಟಿನ ಮೇಲೆ, ಕಡಲೆಕಾಯಿ ತಿಂದ ಈ ಬಾಯಿ ಮೇಲೆ.

29-9-89, ಅಮಾವಾಸ್ಯೆ

ಫ್ರೇಮು ಕೂತಿದೆ. ಹೊಸ ಪಂಚೆ, ಮುದ್ದೆ, ಕೋಳಿಸಾರು, ಹೊಗೆಸೊಪ್ಪು. ಸಿಲೋನಿನ ಯಾವನೋ ಪುಣ್ಯಾತ್ಮ ನಮ್ಮ ಕೋಳಿಸಾರಿಗೆ ಹಲ್ಲು ಕಿರೀತಿದಾನೆ. ಅಜ್ಜಿ ಇಟ್ಟ ಕುಂಕುಮ ಬೂಟಿಗೂ ಮೆತ್ತಿದೆ.

ತಾತ ಎಲ್ಲರ ಮುಂದೆ ಕೇಳಿಬಿಟ್ಟರು. “ಈ ಮನೇಲಿ ಇಂಗ್ಲಿಷ್ ಬರೋದು ನಿಂಗೊಬ್ಬಂಗೇ. ಕಾರ್ಡಲ್ಲಿ ಏನಂತ ಬರೆದದೆ, ಹೇಳಪ್ಪ.”

“ನಂದಿ ಬೆಟ್ಟ ಅಂತ, ತಾತ.”

ತಾತ ಟವಲ್ಲಲ್ಲಿ ಮುಖ ಒರೆಸ್ಕೊಂಡು, ಫ್ರೇಮಿನ ಹತ್ತಿರ ಬಗ್ಗಿ, “ಅಪ್ಪಾ, ಊಟಕ್ಕೆ ಬಾ” ಅಂತ ಮೂರು ಸಲ ಕೂಗಿದರು.

ಅದೇ ದಿನ, ಮಧ್ಯಾಹ್ನ 3

ಎಲ್ಲರೂ ಉಂಡು ಮಲಗಿದಾರೆ. ಒಂದು ಸಣ್ಣ ವಿಷಯ. ಯಾರಿಗೂ ಹೇಳೋದಲ್ಲ. ಶೇವಿಂಗ್ ಕನ್ನಡಿ ತಂದು ಫ್ರೇಮಿನ ಪಕ್ಕ ಹಿಡಿದು ನನ್ನ ಮುಖ ನೋಡ್ಕೊಂಡೆ. ತಮಾಷೆಗೇ. ಮೂಗು ಬೇರೆ. ಗಲ್ಲವೂ ಬೇರೆ. ಆದರೆ ಹುಬ್ಬು, ಸ್ವಲ್ಪ ಈ ಕಡೆಯಿಂದ ನೋಡಿದರೆ —