ಸೀಮಂತದ ಬಳೆ

ಫೆಬ್ರವರಿ ೧೨, ಗುರುವಾರ, ಶೆಟ್ಟಿಕೊಪ್ಪ

ಬಳೆ ತೆಗೆಯಲು ಆಗುತ್ತಿಲ್ಲ.

ಬೆಳಿಗ್ಗೆ ಸೀಮಂತದಲ್ಲಿ ಬಳೆಗಾರ್ತಿ ಕೈಗೆ ಸೋಪು ಹಚ್ಚಿ, ಬೆರಳು ಒತ್ತಿ ಹಿಡಿದು ಹಸಿರು ಬಳೆ ಏರಿಸಿದಳು. ಸಂಕ್ರಾಂತಿಯಲ್ಲಿ ಇದೇ ಅಳತೆಯ ಬಳೆ ಸಡಿಲವಾಗಿತ್ತು. "ಕೈ ತುಂಬ್ಕಂಡಿದೆ ಮಾರಾಯ್ತಿ, ಒಳ್ಳೇ ಲಕ್ಷಣ" ಎಂದರು ಅತ್ತೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೊಪ್ಪದ ಡಾಕ್ಟರು ಬಸುರಿಯರಿಗೆ ಕೊಡುವ ‘ತಾಯಿ ಕಾರ್ಡಿ’ನಲ್ಲಿ ನನಗೆ ಬಿ.ಪಿ. ಜಾಸ್ತಿ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. "ಕೈ ಬಾತ್ರೆ, ತಲೆ ನೋವು ಬಂದ್ರೆ ಎಷ್ಟೊತ್ತಾದ್ರೂ ಫೋನ್ ಮಾಡಿ ಅಕ್ಕಾ" ಎಂದು ಆಶಾ ಕಾರ್ಯಕರ್ತೆ ಕುಸುಮಾ ಮೊನ್ನೆಯೂ ಹೇಳಿಹೋದಳು. ಸಂಜೆಯಿಂದ ತಲೆ ಸಿಡಿಯುತ್ತಿದೆ. ಯಾರಿಗೂ ಹೇಳಿಲ್ಲ.

ಹೋದ ಸಲ ಹೇಳಿದ್ದೆ. ಏಳನೇ ತಿಂಗಳಲ್ಲಿ ಆ ಮಗು ಹೋದ ಮೇಲೆ, "ಹೆದರಿ ಹೆದರಿನೇ ಕಳ್ಕಂಡ್ಲು" ಎಂದು ಅತ್ತೆ ಅಡುಗೆಮನೆಯಲ್ಲಿ ಯಾರಿಗೋ ಹೇಳುವುದು ಕೇಳಿಸಿತು. ಈ ಸಲ ಹೆದರಿದ್ದು ಯಾರಿಗೂ ಕಾಣಬಾರದು ಎಂದುಕೊಂಡೇ ದಿನ ದೂಡಿದೆ.

ಸೀಮಂತದ ಬಳೆ ಒಡೆಯಬಾರದಂತೆ. ಮಣಿಕಟ್ಟು ಕೆಂಪಾಗಿದೆ. ಈಗಷ್ಟೇ ಮಗು ಒದ್ದಿತು. ಇನ್ನೂ ಇದೆ.

ಇವರು ಪಕ್ಕದಲ್ಲೇ ಮಲಗಿದ್ದಾರೆ. ಎಚ್ಚರವಾಗಲಿ ಎಂದು ಎರಡು ಸಲ ಕೈ ಕೊಡವಿದೆ. ಮಾಂಸಕ್ಕೆ ಕಚ್ಚಿಕೊಂಡ ಬಳೆ ಸದ್ದೂ ಮಾಡುವುದಿಲ್ಲ.

ನಾನೇ ಕೂಗಬೇಕು.